ಮಲಪ್ರಭೆಯ ದಂಡೆಯಿಂದ ಹೊರಟ ನೇಗಿಲು

ಹೊಳೆಆಲೂರಿನ ರೈಲು ನಿಲ್ದಾಣದಲ್ಲಿ ನೀವು ಎಂದಾದರೂ ಗದಗದ ಕಡೆಯ ಗಾಡಿಗಾಗಿ ಕಾದಿದ್ದೀರಾ? ಕಾಯುವವರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಸಾಕು, ನಮ್ಮ ಕುಟುಂಬಗಳ ಚಿಂತೆಯೆಲ್ಲ ಅಲ್ಲಿಯೇ ಕೇಳಿಬರುತ್ತದೆ. ಮಳೆ ಕೈಕೊಟ್ಟಿತು, ಈರುಳ್ಳಿಗೆ ದರ ಸಿಗಲಿಲ್ಲ, ಮಗ ದುಡಿಯಲು ಗೋವೆಗೆ ಹೋದ, ಮಗಳು ಕಲಿತು ಮನೆಯಲ್ಲಿ ಕುಳಿತಿದ್ದಾಳೆ. ಇವುಗಳ ನಡುವೆ ಯಾರಾದರೊಬ್ಬರು ಒಂದು ಆಸೆಯ ಮಾತನ್ನೂ ಆಡುತ್ತಾರೆ: ಊರಲ್ಲೇ ಒಂದು ಸಣ್ಣ ಅಂಗಡಿ ಹಾಕಿದರೆ ಹೇಗೆ, ಹಿಟ್ಟಿನ ಗಿರಣಿ ತಂದರೆ ಹೇಗೆ, ರೊಟ್ಟಿ ಬಡಿದು ಪಟ್ಟಣಕ್ಕೆ ಕಳಿಸಿದರೆ ಹೇಗೆ?

ಆಸೆ ಒಳ್ಳೆಯದೇ. ಆದರೆ ಅದರ ಹಿಂದೆ ಭಯವೂ ಇರುತ್ತದೆ. ಹೆಂಡತಿಯ ಕೊರಳಿನ ಸರ ಒತ್ತೆಯಿಟ್ಟು ಹಾಕಿದ ಅಂಗಡಿ ಆರು ತಿಂಗಳಲ್ಲಿ ಮುಚ್ಚಿ, ಸಾಲ ಮಾತ್ರ ಉಳಿದ ಮನೆಗಳನ್ನು ನೀವೂ ಕಂಡಿದ್ದೀರಿ, ನಾವೂ ಕಂಡಿದ್ದೇವೆ. ಆದ್ದರಿಂದ ಈ ವಾರ ಬರಿಯ ಬುದ್ಧಿಮಾತು ಹೇಳುವ ಬದಲು, ಇದೇ ಹೊಳೆಯ ದಂಡೆಯಲ್ಲಿ ಹುಟ್ಟಿ, ಇದೇ ಭಯವನ್ನು ಹಾದುಹೋದ ಒಬ್ಬ ಮನುಷ್ಯನ ಜೀವನವನ್ನು ನಿಮ್ಮ ಮುಂದಿಡುತ್ತೇವೆ. ಓದುತ್ತಾ ಹೋಗಿ. ನಿಮ್ಮ ಮನೆಯ ಲೆಕ್ಕಕ್ಕೆ ಬೇಕಾದದ್ದು ನಡುನಡುವೆ ಸಿಗುತ್ತದೆ.

ಹೊಳೆಆಲೂರಿಗೆ ಹೊಳೆಯೆಂಬ ಹೆಸರು ಕೊಟ್ಟ ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ, ಸವದತ್ತಿ ಸೀಮೆಗಳನ್ನು ದಾಟಿ ನಮ್ಮ ಕಡೆಗೆ ಬರುತ್ತಾಳೆ. ಆ ಸವದತ್ತಿ ಸೀಮೆಯಲ್ಲಿ ಗುರ್ಲಹೊಸೂರು ಎಂಬ ಊರು. 1869ರ ಜೂನ್ 20ರಂದು ಅಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತಿಯಿದ್ದ ಗೃಹಸ್ಥರು. ಮಗನಿಗೋ ಪುಸ್ತಕದ ಪಾಠಕ್ಕಿಂತ ಚಿತ್ರ ಬರೆಯುವುದು ಇಷ್ಟ, ಯಂತ್ರಗಳನ್ನು ಬಿಚ್ಚಿ ನೋಡುವುದು ಇನ್ನೂ ಇಷ್ಟ. ಶಾಲೆಯಲ್ಲಿ ಹೆಸರು ಮಾಡಲಿಲ್ಲ. ಇಂಥ ಮಗು ಮನೆಯಲ್ಲಿದ್ದರೆ ನಾವು ಏನು ಮಾಡುತ್ತೇವೆ? ಬೈಯುತ್ತೇವೆ, ನೆರೆಮನೆಯ ಮಗುವಿನೊಡನೆ ಹೋಲಿಸುತ್ತೇವೆ. ಲಕ್ಷ್ಮಣರಾಯರ ಅದೃಷ್ಟಕ್ಕೆ ಅಣ್ಣ ರಾಮಚಂದ್ರ, ಮನೆಯವರ ಬಾಯಲ್ಲಿ ರಾಮುಅಣ್ಣ, ತಮ್ಮನ ಒಲವನ್ನು ಅರ್ಥಮಾಡಿಕೊಂಡು ಬೆನ್ನಿಗೆ ನಿಂತರು.

ಒಂದು ಬಾಗಿಲು ಮುಚ್ಚಿದಾಗ

ಮುಂಬಯಿಯ ಜೆ.ಜೆ. ಕಲಾಶಾಲೆಗೆ ತರುಣ ಲಕ್ಷ್ಮಣ ಚಿತ್ರಕಲೆ ಕಲಿಯಲು ಹೋದರು. ಕಲಿಕೆ ನಡೆದಿರುವಾಗಲೇ ಒಂದು ಸಂಗತಿ ಬಯಲಾಯಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ಬಣ್ಣ ತಿಳಿಯದವನು ಚಿತ್ರಕಾರನಾಗುವುದು ಹೇಗೆ? ಮನೆಯ ಹಣ ಖರ್ಚಾಗಿದೆ, ಊರಿಗೆ ಮರಳಿದರೆ ನಗುವವರಿದ್ದಾರೆ. ಆ ವಯಸ್ಸಿನಲ್ಲಿ ಅದು ಸಣ್ಣ ಪೆಟ್ಟೇನೂ ಅಲ್ಲ.

ಲಕ್ಷ್ಮಣರಾಯರು ತಮ್ಮಲ್ಲಿ ಏನು ಉಳಿದಿದೆ ಎಂದು ನೋಡಿಕೊಂಡರು. ಬಣ್ಣ ಹೋದರೂ ಗೆರೆ ಉಳಿದಿತ್ತು. ಅವರ ಕೈ ಗೆರೆ ಎಳೆಯುವುದರಲ್ಲಿ ಪಳಗಿತ್ತು. ಯಂತ್ರಗಳ ನಕ್ಷೆ ಬರೆಯಲು ಬಣ್ಣ ಬೇಡ, ಗೆರೆ ಸಾಕು. ಅವರು ಯಾಂತ್ರಿಕ ರೇಖಾಚಿತ್ರ ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಕೆಲಸಕ್ಕೆ ಸೇರಿದರು.

ಒಂದು ಉದ್ಯೋಗ ಕೈಗೊಳ್ಳಬೇಕೆಂದು ಯೋಚಿಸುತ್ತಿರುವ ಓದುಗರೇ, ನಿಮ್ಮ ಮೊದಲ ಪಾಠ ಇಲ್ಲಿಯೇ ಇದೆ. ನೆರೆಯವನು ಬೇಕರಿ ಹಾಕಿ ಗೆದ್ದನೆಂದು ನಾವೂ ಬೇಕರಿ ಹಾಕುವುದು ನಮ್ಮ ಊರುಗಳ ಹಳೆಯ ರೋಗ. ಒಂದೇ ಬೀದಿಯಲ್ಲಿ ನಾಲ್ಕು ಮೊಬೈಲ್ ಅಂಗಡಿಗಳು ಹುಟ್ಟಿ ನಾಲ್ಕೂ ಸೊರಗುವುದು ಇದರಿಂದಲೇ. ಮೊದಲು ಒಂದು ಹಾಳೆ ತೆಗೆದುಕೊಂಡು, ನಿಮ್ಮ ಮನೆಯವರ ಕೈಗೆ ನಿಜವಾಗಿ ಯಾವ ಕೆಲಸ ಬರುತ್ತದೆ ಎಂದು ಬರೆಯಿರಿ. ಹೊಲಿಗೆಯೇ, ಅಡುಗೆಯೇ, ವೆಲ್ಡಿಂಗೇ, ಹೈನುಗಾರಿಕೆಯೇ, ಲೆಕ್ಕ ಬರೆಯುವುದೇ? ಬಾರದ ಕೆಲಸವನ್ನೂ ಅದೇ ಹಾಳೆಯ ಇನ್ನೊಂದು ಬದಿಗೆ ಬರೆಯಿರಿ. ನಾಚಿಕೆ ಬೇಡ. ತನ್ನ ಕಣ್ಣಿನ ಕೊರತೆ ತಿಳಿದುಕೊಂಡವನೇ ಮುಂದೆ ಸಾವಿರಾರು ಜನರಿಗೆ ಅನ್ನ ಕೊಟ್ಟನು.

ಸಂಬಳ ಬಿಡುವ ಮೊದಲು

ಸಂಸ್ಥೆಯಲ್ಲಿ ಕಲಿಸುತ್ತಿದ್ದಾಗ ಲಕ್ಷ್ಮಣರಾಯರು ಪಾಠ ಮುಗಿದೊಡನೆ ಕೋಣೆಗೆ ಹೋಗಿ ಮಲಗಲಿಲ್ಲ. ಯಂತ್ರಶಾಲೆಯಲ್ಲಿ ನಿಂತು ಯಂತ್ರಗಳನ್ನು ನಡೆಸುವುದನ್ನೂ ದುರಸ್ತಿ ಮಾಡುವುದನ್ನೂ ಕೈಯಾರೆ ಕಲಿತರು. ಆ ದಿನಗಳಲ್ಲಿ ಮುಂಬಯಿಯ ಬೀದಿಗೆ ಬೈಸಿಕಲ್ ಎಂಬ ಹೊಸ ವಸ್ತು ಬಂದಿತ್ತು. ಬೆಳಗಾವಿಯಲ್ಲಿದ್ದ ರಾಮುಅಣ್ಣನಿಗೆ ಬರೆದು, ಅಲ್ಲಿ ಕೊಳ್ಳುವವರಿದ್ದಾರೆಯೇ ಎಂದು ವಿಚಾರಿಸಿದರು. ಗಿರಾಕಿ ಸಿಕ್ಕಂತೆ ಮುಂಬಯಿಯಿಂದ ಸೈಕಲ್ ಕೊಂಡು ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ಅದನ್ನು ಮಾರುವುದು, ಹೀಗೆ ಅಣ್ಣತಮ್ಮಂದಿರ ವ್ಯಾಪಾರ ಶುರುವಾಯಿತು. 1888ನ್ನು ಕಿರ್ಲೋಸ್ಕರ್ ಮನೆತನ ತನ್ನ ಉದ್ಯಮದ ಹುಟ್ಟಿದ ವರ್ಷವೆಂದು ಎಣಿಸುತ್ತದೆ.

ರಾಮುಅಣ್ಣ ಸೈಕಲ್ ಮಾರಿ ಕೈತೊಳೆದುಕೊಳ್ಳಲಿಲ್ಲ. ಕೊಂಡವರಿಗೆ ಅದನ್ನು ತುಳಿಯಲು ಕಲಿಸುತ್ತಿದ್ದರು, ಕಲಿಸಿದ್ದಕ್ಕೆ ಬೇರೆ ಶುಲ್ಕ ಪಡೆಯುತ್ತಿದ್ದರು. ಆ ಕಾಲದಲ್ಲಿ ಸೈಕಲ್ ಹತ್ತಲು ಎಷ್ಟು ಜನರಿಗೆ ಬರುತ್ತಿತ್ತು? ಹತ್ತಲು ಬಾರದವನು ಕೊಳ್ಳುವುದಾದರೂ ಏಕೆ? ವಸ್ತುವಿನ ಜೊತೆಗೆ ಅದರ ಬಳಕೆಯನ್ನೂ ಕೊಡುವವನಿಗೆ ಗಿರಾಕಿ ಮತ್ತೆ ಬರುತ್ತಾನೆ. ನೀವು ಮಿಕ್ಸರ್ ಮಾರಿದರೂ ಅಷ್ಟೇ, ಔಷಧ ಸಿಂಪಡಿಸುವ ಪಂಪು ಮಾರಿದರೂ ಅಷ್ಟೇ.

ಇಲ್ಲಿ ಇನ್ನೂ ಎರಡು ಮಾತು ಗಮನಿಸಿ. ಮೊದಲನೆಯದು, ತಿಂಗಳ ಸಂಬಳ ಇರುವಾಗಲೇ ಅವರು ವ್ಯಾಪಾರದ ರುಚಿ ನೋಡಿದರು. ಗಿರಾಕಿ ಇದ್ದಾನೆಂದು ತಿಳಿದ ಮೇಲೆ ಸರಕು ತಂದರು. ನಮ್ಮಲ್ಲಿ ಬಹುಪಾಲು ಜನ ಇದನ್ನು ತಿರುವುಮುರುವು ಮಾಡುತ್ತಾರೆ: ಮೊದಲು ಬಾಡಿಗೆ ಅಂಗಡಿ, ಗಾಜಿನ ಕಪಾಟು, ಬಣ್ಣದ ಬೋರ್ಡು, ಉದ್ಘಾಟನೆಯ ಊಟ, ಆಮೇಲೆ ಗಿರಾಕಿಗಾಗಿ ಹುಡುಕಾಟ. ಮೂರು ತಿಂಗಳು ಮನೆಯಿಂದಲೇ ಮಾರಿ ನೋಡಿ. ಹತ್ತು ಮನೆಗಳು ಎರಡನೆಯ ಸಲ ಕೇಳಿಕೊಂಡು ಬಂದರೆ ಆಗ ಅಂಗಡಿಯ ಮಾತು.

ಎರಡನೆಯದು, ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡಿದ್ದರು. ಒಬ್ಬರು ತರಿಸುವವರು, ಒಬ್ಬರು ಮಾರುವವರು. ಕುಟುಂಬದ ವ್ಯಾಪಾರಗಳು ನಷ್ಟದಿಂದ ಒಡೆದದ್ದಕ್ಕಿಂತ ಅನುಮಾನದಿಂದ ಒಡೆದದ್ದು ಹೆಚ್ಚು. ಯಾರ ಹಣ ಎಷ್ಟು, ಯಾರ ಕೆಲಸ ಯಾವುದು, ಲಾಭದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಮೊದಲ ದಿನವೇ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಪ್ರೀತಿ ಇದ್ದಲ್ಲಿ ಕಾಗದ ಏಕೆ ಎನ್ನಬೇಡಿ, ಪ್ರೀತಿ ಉಳಿಯಲೆಂದೇ ಕಾಗದ.

ಎರಡು ವರ್ಷ ಮಾರಾಟವಾಗದ ನೇಗಿಲು

ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಹೋಯಿತು. ಬಿಳಿಯರ ಆಡಳಿತದಲ್ಲಿ ಯೋಗ್ಯತೆಗಿಂತ ಮೈಬಣ್ಣಕ್ಕೆ ಬೆಲೆಯೆಂದು ಅವರಿಗೆ ಮನವರಿಕೆಯಾಯಿತು. ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಸೈಕಲ್ ಮಾರಾಟ, ದುರಸ್ತಿ, ಜೊತೆಗೆ ಒಂದು ಸಣ್ಣ ಯಂತ್ರಶಾಲೆ. ಮೊದಲು ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲಿಗೆ ಕೈಹಾಕಿದರು.

ಎರೆಭೂಮಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಿಕೆ ಬೇರೂರಿದ ಹೊಲಕ್ಕೆ ಕಟ್ಟಿಗೆಯ ರಂಟೆ ಹೊಡೆದರೆ ಮೇಲೆ ಗೀರು ಬೀಳುತ್ತದೆ, ಮಣ್ಣು ಮಗುಚುವುದಿಲ್ಲ. ಕಬ್ಬಿಣದ ನೇಗಿಲು ಆಳಕ್ಕೆ ಇಳಿದು ಮಣ್ಣನ್ನು ತಿರುವಿ ಹಾಕುತ್ತದೆ. ಇಂಗ್ಲೆಂಡಿನಿಂದ ಅಂಥ ನೇಗಿಲು ಬರುತ್ತಿತ್ತು. ಇಲ್ಲಿಯೇ ಮಾಡಿ ಕಡಿಮೆ ಬೆಲೆಗೆ ಕೊಟ್ಟರೆ ರೈತರು ಸಾಲುಗಟ್ಟಿ ಬರುತ್ತಾರೆಂದು ಲಕ್ಷ್ಮಣರಾಯರು ಎಣಿಸಿದರು.

ಯಾರೂ ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ತಿಂಗಳುಗಳು ಉರುಳಿದವು. ಮಾಡಿಟ್ಟ ನೇಗಿಲುಗಳು ಗೋಡೆಗೆ ಒರಗಿ ನಿಂತವು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಆ ಎರಡು ವರ್ಷಗಳನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಮನೆಯಲ್ಲಿ ಹೆಂಡತಿ ರಾಧಾಬಾಯಿ, ಸಣ್ಣ ಮಕ್ಕಳು. ಸಂಬಳದ ನೌಕರಿ ತಾನೇ ಬಿಟ್ಟು ಬಂದದ್ದು. ಅಂಥ ಮನೆಯನ್ನು ಉಳಿಸಿದ್ದು ಉಳಿದ ಸಣ್ಣಪುಟ್ಟ ಕೆಲಸಗಳು. ಸೈಕಲ್ ಅಂಗಡಿಯ ಆದಾಯವಿಲ್ಲದಿದ್ದರೆ ನೇಗಿಲಿನ ಕನಸು ಎರಡು ವರ್ಷ ಬದುಕುತ್ತಿರಲಿಲ್ಲ. ಹೊಸ ಕೆಲಸ ಹಿಡಿದಾಗ ಹಳೆಯ ಆದಾಯದ ಒಂದು ಎಳೆಯನ್ನಾದರೂ ಕಡಿಯದೆ ಇಟ್ಟುಕೊಳ್ಳಿ. ಕನಿಷ್ಠ ಆರು ತಿಂಗಳ ಮನೆಖರ್ಚು ಬೇರೆಯಾಗಿ ಇರದೆ ಇದ್ದ ನೌಕರಿ ಬಿಡಬೇಡಿ.

ಇನ್ನು ಆ ರೈತರನ್ನು ಮೂಢರೆಂದು ನಗಬೇಡಿ. ಒಂದು ಬೆಳೆ ಹೋದರೆ ಅವನ ವರ್ಷವೇ ಹೋಯಿತು. ನೇಗಿಲು ಮಾರುವವನಿಗೆ ಒಂದು ಮಾರಾಟ ತಪ್ಪುತ್ತದೆ, ಕೊಳ್ಳುವವನಿಗೆ ಮಕ್ಕಳ ಅನ್ನ ತಪ್ಪಬಹುದು. ಗಿರಾಕಿಯ ಹಿಂಜರಿಕೆಯ ಹಿಂದೆ ಹೆಚ್ಚಾಗಿ ಇಂಥದೊಂದು ಲೆಕ್ಕ ಇರುತ್ತದೆ. ಆ ಲೆಕ್ಕವನ್ನು ಜಗಳದಿಂದ ಗೆಲ್ಲಲಾಗದು. ಉತ್ತ ಹೊಲವೇ ಅದಕ್ಕೆ ಉತ್ತರ ಕೊಡಬೇಕು. ಒಬ್ಬ ರೈತನ ಹೊಲದಲ್ಲಿ ಬೆಳೆ ನೆಟ್ಟಗೆ ನಿಂತದ್ದನ್ನು ಹತ್ತು ಜನ ಬದುವಿನ ಮೇಲೆ ನಿಂತು ನೋಡಿದರೆ ಜಾಹೀರಾತು ಬೇರೆ ಬೇಡ. ನೀವು ಮಾಡಿದ ಉಪ್ಪಿನಕಾಯಿಯ ಒಂದು ಚಮಚ ರುಚಿ ನೋಡಲು ಕೊಡಿ. ಹೊಲಿದ ಒಂದು ಅಂಗಿಯನ್ನು ಊರಿನ ಹತ್ತು ಜನ ಕಾಣುವಂತೆ ಮಾಡಿ. ಒಂದು ಮನೆ ಒಪ್ಪಿದರೆ ಬೀದಿ ಒಪ್ಪುತ್ತದೆ.

ರೊಟ್ಟಿಯ ಲೆಕ್ಕ

ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ ನಮ್ಮ ಮನೆಯ ಒಲೆಯ ಹತ್ತಿರ ಹೋಗೋಣ. ಸ್ವಸಹಾಯ ಸಂಘದ ತಾಯಂದಿರು ಕಡಕ್ ರೊಟ್ಟಿಯ ವ್ಯಾಪಾರ ಮಾಡಬೇಕೆಂದರೆ ಬೆಲೆ ಹೇಗೆ ಇಡಬೇಕು? ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಈ ವಾರದ ದರ ಹಾಕಿ ನೀವೇ ಲೆಕ್ಕ ಮಾಡಿ.

ದಿನಕ್ಕೆ 100 ರೊಟ್ಟಿ ಎನ್ನಿ. 6 ಕಿಲೋ ಜೋಳಕ್ಕೆ ಕಿಲೋಗೆ 50 ರೂಪಾಯಿಯಂತೆ 300 ರೂಪಾಯಿ. ಗಿರಣಿಗೆ 30. ಉರುವಲು ಅಥವಾ ಗ್ಯಾಸಿಗೆ 60. ಕಟ್ಟುವ ಚೀಲಕ್ಕೆ 30. ಒಟ್ಟು 420. ರೊಟ್ಟಿಗೆ 8 ರೂಪಾಯಿಯಂತೆ ಮಾರಿದರೆ ಬರುವುದು 800. ಉಳಿದದ್ದು 380 ಎಂದು ಸಂತೋಷಪಡುತ್ತೇವೆ. ಆದರೆ 15 ರೊಟ್ಟಿ ಮುರಿದೋ ಮಾರಾಟವಾಗದೆಯೋ ಉಳಿದವು, 10 ರೊಟ್ಟಿ ಉದ್ರಿ ಹೋಗಿ ಹಣ ಬರಲೇ ಇಲ್ಲ ಎನ್ನಿ. 25 ರೊಟ್ಟಿಗೆ 200 ರೂಪಾಯಿ ಹೋಯಿತು. ಕೈಗೆ ಉಳಿದದ್ದು 180. ಅದರಲ್ಲಿ ಇಬ್ಬರು ತಾಯಂದಿರ ಅರ್ಧ ದಿನದ ದುಡಿಮೆ ಇದೆ, ಪಟ್ಟಣಕ್ಕೆ ಕಳಿಸಿದ ಬಸ್ಸಿನ ಖರ್ಚು ಇನ್ನೂ ಸೇರಿಲ್ಲ.

ನೋಡಿದಿರಾ? ವ್ಯಾಪಾರ ಸೋಲುವುದು ಜೋಳದ ದರದಿಂದಲ್ಲ, ಆ 25 ರೊಟ್ಟಿಗಳಿಂದ. ಆದ್ದರಿಂದ ಉದ್ರಿಗೆ ಒಂದು ಮಿತಿ ಇಡಿ. ಹೇಳಿಕೊಂಡವರಿಗೆ ಮೊದಲು ಬಡಿಯಿರಿ, ಉಳಿದದ್ದನ್ನು ಸಂತೆಗೆ ಒಯ್ಯಿರಿ. ನಿಮ್ಮ ದುಡಿಮೆಗೂ ಕೂಲಿ ಹಾಕಿ ಬೆಲೆ ಕಟ್ಟಿ. ಮನೆಯ ಹಣ ಮತ್ತು ವ್ಯಾಪಾರದ ಹಣಕ್ಕೆ ಎರಡು ಡಬ್ಬಿ ಇರಲಿ. ಸಾಧ್ಯವಾದರೆ ಎರಡು ಬ್ಯಾಂಕ್ ಖಾತೆ ಇರಲಿ. 2025ರ ಜುಲೈ ತಿಂಗಳಲ್ಲಿ ಕರ್ನಾಟಕದ ಎಷ್ಟೋ ಸಣ್ಣ ವ್ಯಾಪಾರಿಗಳಿಗೆ ಯುಪಿಐ ವಹಿವಾಟಿನ ಆಧಾರದ ಮೇಲೆ ತೆರಿಗೆ ಇಲಾಖೆಯ ನೋಟಿಸು ಬಂದಾಗ, ಮನೆಯ ಹಣ ಯಾವುದು, ಮಾರಾಟದ ಹಣ ಯಾವುದು ಎಂದು ಬಿಡಿಸಿ ತೋರಿಸಲಾಗದೆ ಗಾಬರಿಯಾದವರು ಬಹಳ. ದಿನವೂ ಮಲಗುವ ಮುನ್ನ ಹತ್ತು ನಿಮಿಷ ಪುಸ್ತಕದಲ್ಲಿ ಬಂದದ್ದು, ಹೋದದ್ದು ಬರೆದವನಿಗೆ ಆ ಗಾಬರಿ ಇಲ್ಲ.

ಬೆಳಗಾವಿಯಿಂದ ಎದ್ದು ಹೋದದ್ದು

ನೇಗಿಲಿಗೆ ಹೆಸರು ಬರತೊಡಗಿತ್ತು. ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಯಂತ್ರಶಾಲೆ ಇದ್ದ ಜಾಗ ಊರಿನ ಹೊಸ ಬಡಾವಣೆಗೆ ಬೇಕಾಯಿತು. ಜಾಗ ಖಾಲಿ ಮಾಡಬೇಕೆಂದು ಪುರಸಭೆಯ ಆಜ್ಞೆಯಾಯಿತು. ಕಷ್ಟಪಟ್ಟು ನಿಲ್ಲಿಸಿದ ಯಂತ್ರಗಳನ್ನು ಕಿತ್ತು ಎಲ್ಲಿಗೆ ಒಯ್ಯುವುದು?

ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಸ್ವತಃ ಚಿತ್ರಕಾರರಾಗಿದ್ದ ಆ ಅರಸರು ಲಕ್ಷ್ಮಣರಾಯರ ಕೆಲಸವನ್ನು ಬಲ್ಲವರು. ತಮ್ಮ ಸಂಸ್ಥಾನದ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಭೂಮಿಯೆಂದರೆ ಪಾಪಾಸುಕಳ್ಳಿ ತುಂಬಿ, ಹಾವು ಹರಿದಾಡುವ ಬಯಲು. 1910ರಲ್ಲಿ 25 ಕೆಲಸಗಾರರು, ಅವರ ಸಂಸಾರಗಳು ಮತ್ತು ತಮ್ಮ ಮನೆಯವರೊಡನೆ ಲಕ್ಷ್ಮಣರಾಯರು ಅಲ್ಲಿಗೆ ಹೋಗಿ, ಕಳ್ಳಿ ಕಡಿದು ಕಾರ್ಖಾನೆ ಕಟ್ಟಿದರು. ಸುತ್ತ ಊರು ಬೆಳೆಯಿತು. ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಆ ಊರೇ ಕಿರ್ಲೋಸ್ಕರವಾಡಿ. ರೈಲು ನಿಲ್ದಾಣಕ್ಕೂ ಅದೇ ಹೆಸರು ಬಂತು. ಬೆಳಗಾವಿಯಲ್ಲಿ ಉಳಿದದ್ದು ಕಿರ್ಲೋಸ್ಕರ್ ರಸ್ತೆಯೆಂಬ ಹೆಸರು.

ನಮಗೆ ಸಾಲ ಕೊಡಲು ಯಾವ ರಾಜ ಬರುತ್ತಾನೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ನಮ್ಮ ಗದಗ ಸೀಮೆಯಲ್ಲಿಯೇ ಇದೆ. ಲಕ್ಷ್ಮಣರಾಯರಿಗೆ ಔಂಧಿನ ಸಾಲ ಸಿಗುವ 5 ವರ್ಷ ಮೊದಲು, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. 1904ರ ಸಹಕಾರಿ ಕಾಯಿದೆಯ ಮರುವರ್ಷವೇ ಹುಟ್ಟಿದ ಆ ಸಂಘವನ್ನು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಎಣಿಸುತ್ತಾರೆ. ಸಾಹುಕಾರನ ಬಡ್ಡಿಗೆ ಹೊಲ ಕಳೆದುಕೊಳ್ಳುತ್ತಿದ್ದವರು ತಮ್ಮ ತಮ್ಮ ಪುಡಿಗಾಸನ್ನು ಒಟ್ಟುಗೂಡಿಸಿ ತಾವೇ ತಮಗೆ ಸಾಲ ಕೊಟ್ಟುಕೊಂಡರು. ರಾಜನಿಲ್ಲದ ಊರಿಗೆ ನೆರೆಹೊರೆಯೇ ರಾಜ.

ಸಾಲ ಮಾಡುವ ಮುನ್ನ ಮೂರು ಮಾತು ನೆನಪಿಡಿ. ದುಡಿದು ಹಣ ತರುವ ವಸ್ತುವಿಗೆ, ಅಂದರೆ ಯಂತ್ರಕ್ಕೆ, ಹಸುವಿಗೆ, ಕಚ್ಚಾ ಸರಕಿಗೆ ಸಾಲ ಮಾಡಿ. ಬೋರ್ಡಿಗೂ ಉದ್ಘಾಟನೆಗೂ ಸಾಲ ಬೇಡ. ಎರಡನೆಯದಾಗಿ, ವ್ಯಾಪಾರ ಅರ್ಧಕ್ಕೆ ಇಳಿದ ತಿಂಗಳಲ್ಲೂ ಕಂತು ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕಿ, ಸಾಧ್ಯವಿಲ್ಲದಿದ್ದರೆ ಸಾಲ ಚಿಕ್ಕದಾಗಲಿ. ಮೂರನೆಯದಾಗಿ, ಬಾಯಿಮಾತಿನ ಬಡ್ಡಿಸಾಲಕ್ಕೆ ಹೋಗುವ ಮುನ್ನ ನಿಮ್ಮ ಸಂಘ, ಸಹಕಾರಿ ಬ್ಯಾಂಕು, ರಾಷ್ಟ್ರೀಕೃತ ಬ್ಯಾಂಕುಗಳ ಬಾಗಿಲು ತಟ್ಟಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯೋಗಕ್ಕೆ ಅಡಮಾನವಿಲ್ಲದ ಸಾಲವಿದೆ, ಅದರ ಮೊದಲ ಹಂತ 50,000 ರೂಪಾಯಿವರೆಗಿನದು. ಉದ್ಯಮ್ ನೋಂದಣಿಗೆ ಸರಕಾರ ಶುಲ್ಕ ಪಡೆಯುವುದಿಲ್ಲ. ಅದನ್ನು ಮಾಡಿಸಿಕೊಡುತ್ತೇನೆಂದು ಸಾವಿರಗಟ್ಟಲೆ ಕೇಳುವವರನ್ನು ದೂರವಿಡಿ. ತಿನ್ನುವ ಪದಾರ್ಥ ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಮರೆಯಬೇಡಿ.

ಇನ್ನೂ ಒಂದು ಸಂಗತಿ. ಅರಸರು ಕಷ್ಟಕಾಲದಲ್ಲಿ ಸಾಲ ಕೊಟ್ಟದ್ದು ಆ ದಿನದ ಮಾತು ಕೇಳಿ ಅಲ್ಲ. ಹಿಂದಿನ ವರ್ಷಗಳ ಕೆಲಸ ನೋಡಿ ಕೊಟ್ಟರು. ಸಾಲ ಬೇಕಾದ ದಿನ ನಂಬಿಕೆಯನ್ನು ಕೊಂಡು ತರಲಾಗದು, ಮೊದಲೇ ಕೂಡಿಟ್ಟಿರಬೇಕು.

ಯಾರಿಗೂ ಬೇಡವಾದವರು

ಕಿರ್ಲೋಸ್ಕರವಾಡಿಯಲ್ಲಿ ಲಕ್ಷ್ಮಣರಾಯರು ಮಾಡಿದ ಕೆಲವು ಕೆಲಸಗಳು ಆ ಕಾಲಕ್ಕೆ ದೊಡ್ಡ ಧೈರ್ಯದವು. ಊರಿನೊಳಗೆ ಅಸ್ಪೃಶ್ಯತೆಯನ್ನು ನಡೆಯಗೊಡಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರಿಗೆ ಯಾರೂ ಕೆಲಸ ಕೊಡದಿದ್ದಾಗ ಕರೆದು ಕೊಟ್ಟರು, ರಾತ್ರಿಯ ಕಾವಲನ್ನೇ ಅವರಿಗೆ ಒಪ್ಪಿಸಿದರು. ಕಳ್ಳನೆಂದು ಹೆಸರಾದವನ ಕೈಗೆ ಬೀಗದ ಕೈ ಕೊಡುವುದು ನಮ್ಮಲ್ಲಿ ಎಷ್ಟು ಜನರಿಗೆ ಸಾಧ್ಯ? ನಂಬಿಕೆ ಇಟ್ಟವನ ಮನೆಯನ್ನು ಅವರು ಕಾದರು.

ದೊಡ್ಡ ಶಾಲೆ ಕಲಿಯದವರು, ಬೇರೆಡೆ ಸೋತವರು ಆ ಕಾರ್ಖಾನೆಯಲ್ಲಿ ಹೊಣೆಯ ಕೆಲಸಗಳಿಗೆ ಏರಿದರು. ನಿಮ್ಮ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನನ್ನು ಒಮ್ಮೆ ನೆನೆಯಿರಿ. ಅವನಿಗೆ ಹೇಳಿದ ದಿನ ಸಂಬಳ ಸಿಗುತ್ತದೆಯೇ? ಕೆಲಸ ಕಲಿಸುತ್ತಿದ್ದೀರೋ, ಕಲಿತರೆ ಬಿಟ್ಟು ಹೋದಾನೆಂದು ಮುಚ್ಚಿಡುತ್ತಿದ್ದೀರೋ? ಹಬ್ಬದ ದಿನ ಅವನ ತಾಯಿ ಹೇಗಿದ್ದಾಳೆಂದು ಕೇಳಿದ್ದೀರಾ? ವ್ಯಾಪಾರ ಬೆಳೆಯುವುದೆಂದರೆ ನಮ್ಮ ಎರಡು ಕೈಗಳ ಜೊತೆಗೆ ಬೇರೆಯವರ ಕೈಗಳೂ ಮನಃಪೂರ್ವಕ ದುಡಿಯುವುದು. ಭಾನುವಾರ ಬಲಿಪೂಜೆಯಲ್ಲಿ ಪಕ್ಕದಲ್ಲಿ ನಿಂತು ಶಾಂತಿಯ ಕೈ ಚಾಚುವ ನಾವು, ಸೋಮವಾರ ಅದೇ ಮನುಷ್ಯನ ಕೂಲಿಯಲ್ಲಿ ಹಿಡಿದುಕೊಂಡರೆ ಹೇಗೆ?

ತೋಪು ನೇಗಿಲಾದದ್ದು

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಒಂದು ಕಡೆ ಇಂಗ್ಲೆಂಡಿನ ನೇಗಿಲು ಬರುವುದು ನಿಂತು ಇಲ್ಲಿಯ ನೇಗಿಲಿಗೆ ಬೇಡಿಕೆ ಏರಿತು. ಇನ್ನೊಂದು ಕಡೆ ಕಬ್ಬಿಣ, ಕಲ್ಲಿದ್ದಲು, ಬಣ್ಣ ಯಾವುದೂ ಸಿಗದಾಯಿತು. ಗಿರಾಕಿ ಬಾಗಿಲಲ್ಲಿ, ಸರಕು ಇಲ್ಲ. ಲಕ್ಷ್ಮಣರಾಯರು ಸುಮ್ಮನೆ ಕೂರಲಿಲ್ಲ. ಕಲ್ಲಿದ್ದಲಿಗೆ ಬದಲು ಕಟ್ಟಿಗೆಯ ಇದ್ದಿಲು ಹುಡುಕಿದರು. ಕಬ್ಬಿಣಕ್ಕಾಗಿ ಕೊಲ್ಲಾಪುರ ಸಂಸ್ಥಾನದ ಕೋಟೆಗಳಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ತೋಪುಗಳನ್ನು ಪಡೆದು, ಕರಗಿಸಿ, ನೇಗಿಲು ಎರಕ ಹೊಯ್ದರು.

ಬೈಬಲ್ ಓದುವ ನಿಮಗೆ ಇಲ್ಲಿ ಪ್ರವಾದಿ ಯೆಶಾಯನ ದರ್ಶನ ನೆನಪಾಗದೆ ಇರದು. ಜಗತ್ತೆಲ್ಲ ಕಬ್ಬಿಣವನ್ನು ತೋಪು ಮಾಡುತ್ತಿದ್ದ ವರ್ಷಗಳಲ್ಲಿ ಕೃಷ್ಣಾ ಕೊಳ್ಳದ ಒಂದು ಮೂಲೆಯಲ್ಲಿ ತೋಪುಗಳು ನೇಗಿಲಾಗುತ್ತಿದ್ದವು.

ಕಷ್ಟ ಬಂದಾಗ ಹುಡುಕಿದರೆ ದಾರಿ ಸಿಗುತ್ತದೆ, ನಿಜ. ಆದರೆ ಮೊದಲೇ ಯೋಚಿಸಿಟ್ಟುಕೊಂಡರೆ ಹುಡುಕಾಟ ಹಗುರ. ಸರಕು ಕೊಡುವವನು ಒಬ್ಬನೇ ಇದ್ದರೆ ಇನ್ನೊಬ್ಬನ ವಿಳಾಸವೂ ನಿಮ್ಮ ಬಳಿ ಇರಲಿ. ಗಿರಾಕಿ ಒಬ್ಬನೇ ಇದ್ದರೆ ಎರಡನೆಯವನನ್ನು ಹುಡುಕಿ. ಮಲಪ್ರಭೆಯನ್ನು ನಾವು ಪ್ರೀತಿಸುತ್ತೇವೆ. ಆದರೆ 2009ರಲ್ಲೂ 2019ರಲ್ಲೂ ಅವಳು ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಮರೆಯುವಂತಿಲ್ಲ. ಹೊಳೆಯ ಮಗ್ಗುಲಲ್ಲಿ ಅಂಗಡಿ ಇಡುವವರು ಸರಕನ್ನು ನೆಲದ ಮೇಲೆ ಇಡದೆ ಎತ್ತರದ ಅಟ್ಟದಲ್ಲಿ ಇಡಿ, ವಿಮೆ ಮಾಡಿಸಿ, ಲೆಕ್ಕದ ಪುಸ್ತಕದ ಒಂದು ಪ್ರತಿ ಬೇರೆ ಮನೆಯಲ್ಲಿ ಇರಲಿ.

ಬೆಳೆದದ್ದೂ ಉಳಿದದ್ದೂ

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪುಗಳು ಬಂದವು. ಗಮನಿಸಿ, ಇವೆಲ್ಲ ಅದೇ ರೈತನಿಗೆ ಬೇಕಾದವು. ಹೊಸ ವಸ್ತು ಬಂದರೂ ಗಿರಾಕಿ ಹಳಬ. ವ್ಯಾಪಾರ ಹಿಗ್ಗಿಸಬೇಕೆನ್ನುವವರಿಗೆ ಇದೊಂದು ಒಳ್ಳೆಯ ದಾರಿ. ನಿಮ್ಮನ್ನು ಈಗಾಗಲೇ ನಂಬಿರುವ ಮನೆಗೆ ಇನ್ನೇನು ಬೇಕು ಎಂದು ಕೇಳಿ. ರೊಟ್ಟಿ ಕೊಳ್ಳುವವರಿಗೆ ಶೇಂಗಾ ಚಟ್ನಿಪುಡಿ ಬೇಕೇ ಬೇಕು.

1926ರ ಬಳಿಕ, ಅಮೆರಿಕೆಯಲ್ಲಿ ಎಂಜಿನಿಯರಿಂಗ್ ಕಲಿತು ಬಂದ ಮಗ ಶಂತನುರಾವ್ ತಂದೆಗೆ ಹೆಗಲು ಕೊಟ್ಟರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿದವು. ಮಲಪ್ರಭೆಯ ಮಗನ ಹೆಸರು ತುಂಗಭದ್ರೆಯ ದಂಡೆಗೂ ಬಂತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಅವರ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ಕಟ್ಟಿದ್ದೆಲ್ಲ ಉಳಿಯಿತೆಂದು ಹೇಳಿದರೆ ಸುಳ್ಳಾದೀತು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ಬಾಗಿಲು ಮುಚ್ಚಿತು. ಅದನ್ನೇ ನಂಬಿದ್ದ ಮನೆಗಳು ಪಟ್ಟ ಕಷ್ಟ ಆ ಊರಿನವರಿಗೆ ಗೊತ್ತು. ಅಷ್ಟು ದೊಡ್ಡ ಹೆಸರೂ ಒಂದು ಕಾರ್ಖಾನೆಯನ್ನು ಉಳಿಸಲಾರದೆ ಹೋಯಿತು. ಆದ್ದರಿಂದ ನಿನ್ನೆಯ ಗೆಲುವನ್ನು ನಂಬಿ ಇಂದಿನ ಲೆಕ್ಕ ಬರೆಯುವುದನ್ನು ಬಿಡಬೇಡಿ. ಕಾಲ ಬದಲಾದಾಗ ಗಿರಾಕಿಗೆ ಏನು ಬೇಕೆಂದು ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ.

ಪ್ರಿಯ ಓದುಗರೇ, ಈ ರಾತ್ರಿ ಜಪಸರ ಪ್ರಾರ್ಥನೆ ಮುಗಿದು ಊಟಕ್ಕೆ ಕುಳಿತಾಗ ಮನೆಯವರೆಲ್ಲ ಸೇರಿ ಒಂದು ನೋಟ್‌ಪುಸ್ತಕ ತೆರೆಯಿರಿ. ಐದು ಪ್ರಶ್ನೆ ಬರೆಯಿರಿ. ನಮ್ಮ ಕೈಗೆ ಯಾವ ಕೆಲಸ ಬರುತ್ತದೆ? ಅದು ಯಾರಿಗೆ ಬೇಕು, ಅವರ ಹೆಸರೇನು? ಒಂದು ವಸ್ತು ಮಾಡಲು ನಮಗೆ ತಗಲುವ ನಿಜವಾದ ಖರ್ಚೆಷ್ಟು? ಆರು ತಿಂಗಳು ಏನೂ ಬಾರದಿದ್ದರೆ ಮನೆ ಹೇಗೆ ನಡೆಯುತ್ತದೆ? ಇದರಲ್ಲಿ ಕಳೆದುಕೊಳ್ಳಲು ನಾವು ತಯಾರಿರುವ ಹಣ ಎಷ್ಟು, ಅದರಾಚೆಗೆ ಒಂದು ಪೈಸೆಯೂ ಇಲ್ಲವೆಂದು ಗಟ್ಟಿಯಾಗಿ ಹೇಳಬಲ್ಲೆವೇ? ಐದಕ್ಕೂ ಉತ್ತರ ಬರೆದ ಮೇಲೆ, ಮನೆಯ ಹೆಂಗಸರು ಆ ಹಾಳೆಯನ್ನು ಓದಿ ಒಪ್ಪಿದ ಮೇಲೆ, ಚಿಕ್ಕದಾಗಿ ಆರಂಭಿಸಿ. ಉತ್ತರ ಸಿಗದ ಪ್ರಶ್ನೆ ಉಳಿದರೆ ಇನ್ನೊಂದು ತಿಂಗಳು ಕಾಯಿರಿ. ಕಾದದ್ದರಿಂದ ಮನೆ ಮುಳುಗಿದ್ದು ಕಡಿಮೆ.

ಮುಂದಿನ ಸಲ ಹೊಳೆಆಲೂರಿನ ಸೇತುವೆಯ ಬಳಿ ನಿಂತು ಹೊಳೆಯನ್ನು ನೋಡಿದಾಗ, ಮೇಲ್ದಂಡೆಯ ಊರಿನ ಆ ಹುಡುಗನನ್ನು ನೆನೆಯಿರಿ. ಬಣ್ಣ ಕಾಣದ ಕಣ್ಣು, ಗೋಡೆಗೆ ಒರಗಿ ಎರಡು ವರ್ಷ ನಿಂತ ನೇಗಿಲು, ಆದರೂ ಬಿಡದೆ ದಿನವೂ ಯಂತ್ರಶಾಲೆಯ ಬಾಗಿಲು ತೆರೆದ ಕೈ. ನಿಮ್ಮ ಮನೆಯ ದುಡಿಮೆಯನ್ನು ದೇವರು ಹರಸಲಿ.